ಕಿತ್ತಳೆಯ ಬಣ್ಣ, ನಿಂಬೆಯ ಹುಳಿ: ರಂಗಪುರ ನಿಂಬೆಯೊಂದಿಗೆ ನನ್ನ ಅನುಭವ

ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಹಳೆಯ ಕಿತ್ತಳೆ ಮರಗಳು ಒಂದೊಂದಾಗಿ ಒಣಗತೊಡಗಿದಾಗ, ಬೀಜದ ಸಸಿಗಳನ್ನು ಬಿಟ್ಟು ರಂಗಪುರ ನಿಂಬೆಯ ಬೇರುಗಿಡಕ್ಕೆ (ಕಸಿಗೆ ಬೇರು, ಬುಡ ಒದಗಿಸುವ ಗಿಡ) ಕೊಡಗಿನ ಕಿತ್ತಳೆಯ ಮೊಗ್ಗುಕಣ್ಣು ಕೂಡಿಸಿ, ಅಂದರೆ ಕಣ್ಣು ಕಸಿ ಮಾಡಿ ನೆಡಲು ತೀರ್ಮಾನಿಸಿದೆ. ಬೀಜದ ಗಿಡ ಫಲಕ್ಕೆ ಬರಲು ಹಲವು ವರ್ಷ ಕಾಯಿಸುತ್ತದೆ, ಮೈತುಂಬ ಮುಳ್ಳು ಬೇರೆ.

ಹೆಸರಿನಲ್ಲಿ ನಿಂಬೆಯಿದ್ದರೂ ಇದು ನಾವು ಪಾನಕಕ್ಕೆ ಹಿಂಡುವ ನಿಂಬೆಯಲ್ಲ; ಮಾದಳ ಮತ್ತು ಕಿತ್ತಳೆ ಕುಲಗಳು ತಾವಾಗಿಯೇ ಬೆರೆತು ಹುಟ್ಟಿದ ಸಂಕರ. ಇದರ ಹೆಸರಿನಲ್ಲಿರುವ ರಂಗಪುರ ಇಂದು ಬಾಂಗ್ಲಾದೇಶದಲ್ಲಿದೆ. ಹಣ್ಣಿನ ಹೊರಗೂ ಒಳಗೂ ಕೆಂಪು ಬೆರೆತ ಕಿತ್ತಳೆ ಬಣ್ಣ, ಸಿಪ್ಪೆಯೂ ಸಲೀಸಾಗಿ ಬಿಡುತ್ತದೆ. ನೋಟಕ್ಕೆ ಮರುಳಾಗಿ ತೊಳೆಯೊಂದನ್ನು ಬಾಯಿಗಿಟ್ಟ ನೆಂಟರ ಮುಖ ಕಿವುಚಿಕೊಳ್ಳುವುದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಉಪ್ಪಿನಕಾಯಿಗೆ ಮಾತ್ರ ಅದು ಸೊಗಸು.

ಬೇರುಗಿಡವಾಗಿ ಇದರ ದೊಡ್ಡ ಗುಣವೆಂದರೆ ನೀರಿನ ಕೊರತೆಯನ್ನು ತಾಳಿಕೊಳ್ಳುವುದು; ಟ್ರಿಸ್ಟೆಜಾ ನಂಜುರೋಗವನ್ನೂ ಸಹಿಸುತ್ತದೆ. ಆದರೆ ಕಸಿಕಣ್ಣಿನ ಮೂಲಕವೂ ಹರಡಿ ಮರವನ್ನು ಸೊರಗಿಸುವ ಗ್ರೀನಿಂಗ್ ರೋಗಕ್ಕೆ ಬೇರುಗಿಡ ಮದ್ದಲ್ಲ, ಆದ್ದರಿಂದ ಕಸಿಕಣ್ಣನ್ನು ರೋಗವಿಲ್ಲದ ತಾಯಿಮರದಿಂದಲೇ ತರಬೇಕು.

ಬೀಜ ಒಣಗಿದರೆ ಮೊಳೆಯುವ ಶಕ್ತಿ ಕುಂದುವುದರಿಂದ, ಹಣ್ಣಿನಿಂದ ತೆಗೆದ ಬೀಜವನ್ನು ಬೂದಿಯಲ್ಲಿ ಉಜ್ಜಿ ಲೋಳೆ ಕಳೆದು, ನೆರಳಲ್ಲಿ ಆರಿಸಿ ಬೇಗನೆ ಬಿತ್ತುತ್ತೇನೆ. ಒಂದೇ ಬೀಜದಿಂದ ಎರಡು ಮೂರು ಸಸಿ ಏಳುವುದುಂಟು. ಅವುಗಳಲ್ಲಿ ಹೆಚ್ಚಿನವು ತಾಯಿಯ ತದ್ರೂಪಗಳಾದ್ದರಿಂದ, ತೀರಾ ಕುಳ್ಳಾದವನ್ನೂ ಎಲೆಯ ರೂಪ ಬೇರೆಯಿರುವವನ್ನೂ ಕಿತ್ತುಹಾಕಿದರೆ ಸಾಕು. ಕಾಂಡ ಪೆನ್ಸಿಲಿನಷ್ಟು ದಪ್ಪವಾದಾಗ, ನೆಲದಿಂದ ಸುಮಾರು 20 ಸೆಂ.ಮೀ. ಮೇಲೆ ತೊಗಟೆಯನ್ನು 'ಟಿ' ಆಕಾರದಲ್ಲಿ ಸೀಳಿ, ಕಣ್ಣನ್ನು ಒಳಸೇರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತೇನೆ. ಮೂರು ವಾರಗಳ ನಂತರ ಪಟ್ಟಿ ಬಿಚ್ಚಿದಾಗ ಕಣ್ಣು ಹಸಿರಾಗಿದ್ದರೆ ಕಸಿ ಹಿಡಿದಂತೆ.

ನಾನು ಎಡವಿದ್ದು ಅದರ ನಂತರ. ಒಂದು ಮಳೆಗಾಲ ಕಸಿಯ ಕೆಳಗಿನ ಚಿಗುರುಗಳನ್ನು ಚಿವುಟದೆ ಬಿಟ್ಟೆ. ಒಂದು ಗಿಡದಲ್ಲಿ ಕಸಿಯ ಕೊಂಬೆ ಸೊರಗಿ ಸತ್ತು, ಬೇರುಗಿಡದ ಚಿಗುರೇ ಮರವಾಯಿತು. ಹಣ್ಣು ಬಿಟ್ಟು, ಒಂದು ತೊಳೆ ತಿನ್ನುವವರೆಗೂ ಅದು ನನಗೆ ತಿಳಿಯಲಿಲ್ಲ. ನೇರಳೆ ಛಾಯೆಯ ಎಳೆ ಚಿಗುರನ್ನು ಆಗಲೇ ಗಮನಿಸಿದ್ದರೆ ಗುರುತು ಸಿಗುತ್ತಿತ್ತು. ಈಗ ಪ್ರತಿ ತಿಂಗಳೂ ಬುಡ ನೋಡುತ್ತೇನೆ. ಆ ಹುಳಿ ಮರವನ್ನು ಮಾತ್ರ ಕಡಿದಿಲ್ಲ. ನಮ್ಮ ಸಸಿಮಡಿಗೆ ಬೇಕಾದ ಬೀಜವೆಲ್ಲ ಅದರಿಂದಲೇ ಬರುತ್ತಿದೆ.