ವಸೂಲಿಯವರು ಬಂದಾಗ ಮೊದಲು ಕೇಳಬೇಕಾದದ್ದು ಕಾಗದ

ಸಾಲದ ಕಂತೋ ಕ್ರೆಡಿಟ್ ಕಾರ್ಡಿನ ಬಾಕಿಯೋ ಏಜೆನ್ಸಿಯ ಕೈಗೆ ಹೋಗಿ, ಏಜೆಂಟ್ ಮನೆ ಬಾಗಿಲಿಗೆ ಬಂದರೆ ಹಣದ ಮಾತಿಗೆ ಮೊದಲು ಅವರ ಗುರುತಿನ ಚೀಟಿ ಮತ್ತು ಬ್ಯಾಂಕು ಕೊಟ್ಟ ಅಧಿಕಾರ ಪತ್ರ ನೋಡಿ. ಒಂದಿಲ್ಲದಿದ್ದರೂ ಮಾತು ಮುಂದುವರಿಸಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನ 2022ರ ಸೂಚನೆಯಂತೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬಾಕಿಗಾಗಿ ಕರೆ ಮಾಡುವಂತಿಲ್ಲ. ಬೈಯುವುದು, ನೆರೆಕರೆಯವರ ಎದುರು ಮರ್ಯಾದೆ ತೆಗೆಯುವುದು ಯಾವ ಹೊತ್ತಿನಲ್ಲೂ ತಪ್ಪೇ. ಕರೆಯ ದಿನ, ಗಂಟೆ, ನಂಬರು ಬರೆದಿಡಿ.

ಮುಂದಿನ ಕೆಲಸ ಬ್ಯಾಂಕಿಗೆ ಪತ್ರ. ಅಸಲು, ಬಡ್ಡಿ, ದಂಡ ಬೇರೆಬೇರೆಯಾಗಿ ತೋರಿಸುವ ಲೆಕ್ಕ ಕೇಳಿ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರಿಗೆ ಮಲಯಾಳದ ಕಾಗದ ಓದಲು ಬಾರದಿದ್ದರೆ ಕನ್ನಡ ಪ್ರತಿಯನ್ನೂ ಅದೇ ಪತ್ರದಲ್ಲಿ ಕೇಳಿ.

ಅರ್ಥವಾಗದ ಕಾಗದಕ್ಕಂತೂ ಸಹಿ ಬೇಡವೇ ಬೇಡ. ಹೆಚ್ಚಿನವರು ಎಡವುವುದು ಇಲ್ಲೇ. ಅಡವಿಲ್ಲದ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷದ ವಾಯಿದೆ ಉಂಟು. ಅದು ಮುಗಿಯುವ ಮೊದಲು ಬಾಕಿ ಒಪ್ಪಿ ಸಹಿ ಹಾಕಿದರೆ, ಇಲ್ಲವೇ ಐನೂರು ರೂಪಾಯಿ ಕಟ್ಟಿ ಚಲನ್‌ಗೆ ಸಹಿ ಹಾಕಿದರೆ, ಆ ದಿನದಿಂದ ಪುನಃ 3 ವರ್ಷ. ವಾಯಿದೆ ಮುಗಿದ ಮೇಲೂ 'ಕೊಡುತ್ತೇನೆ' ಎಂದು ಬರೆದುಕೊಟ್ಟರೆ ಸತ್ತ ಸಾಲಕ್ಕೆ ಜೀವ ಬರುತ್ತದೆ.

ಕಟ್ಟುವುದಾದರೆ ಸಾಲದ ಖಾತೆಗೇ ಕಟ್ಟಿ, ಏಜೆಂಟರ ಕೈಗೆ ನಗದು ಕೊಡಬೇಡಿ. ರಿಯಾಯಿತಿಯಲ್ಲಿ ಮುಗಿಸುವ ಒಪ್ಪಂದವಾದರೆ ಬ್ಯಾಂಕಿನ ಪತ್ರ ಮೊದಲು, ಹಣ ಆಮೇಲೆ. ಆಗಲೂ ನಿಮ್ಮ ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ 'ಸೆಟಲ್ಡ್' ಎಂದು ದಾಖಲಾಗುತ್ತದೆ, ಮುಂದಿನ ಸಾಲಕ್ಕೆ ಅದು ತೊಡಕು. ಕೈಲಾದರೆ ಪೂರ್ತಿ ತೀರಿಸುವುದೇ ಲೇಸು.

'ಪೊಲೀಸರು ಹಿಡಿಯುತ್ತಾರೆ' ಎಂಬ ಬೆದರಿಕೆಗೆ ಹೆದರಬೇಡಿ, ಕಂತು ತಪ್ಪಿದ್ದು ಅಪರಾಧವಲ್ಲ. ಚೆಕ್ ಬೌನ್ಸ್ ಆಗಿದ್ದರೆ ಮಾತ್ರ ವಿಷಯ ಬೇರೆ: ನೋಟೀಸು ಕೈಸೇರಿದ 15 ದಿನದೊಳಗೆ ಆ ಮೊತ್ತ ಕಟ್ಟಲೇಬೇಕು. ತಹಶೀಲ್ದಾರರ ರೆವೆನ್ಯೂ ರಿಕವರಿ (ಬಾಕಿಯನ್ನು ಕಂದಾಯದಂತೆ ವಸೂಲಿ ಮಾಡುವ) ನೋಟೀಸು ಕೂಡ ಏಜೆನ್ಸಿಯ ಕಾಗದದಂತಲ್ಲ, ಅದನ್ನು ಬದಿಗಿಡಬೇಡಿ. ಸರಕಾರಿ ಕಚೇರಿಗೆ ಅಹವಾಲನ್ನು ಕನ್ನಡದಲ್ಲೇ ಬರೆಯಬಹುದು, ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ.

ಕಿರುಕುಳದ ದೂರು ಮೊದಲು ಬ್ಯಾಂಕಿಗೇ ಹೋಗಬೇಕು. ನೇರವಾಗಿ ಮೇಲಕ್ಕೆ ಹೋದರೆ ತಿರಸ್ಕಾರವಾಗುತ್ತದೆ. ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತಾರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಶುಲ್ಕವಿಲ್ಲ, ಮಾಹಿತಿಗೆ 14448. ಊರಿನ ಸರ್ವೀಸ್ ಸಹಕಾರಿ ಬ್ಯಾಂಕಿನ ಸಾಲ ಮಾತ್ರ ಇದರ ವ್ಯಾಪ್ತಿಗೆ ಬಾರದು. ಆ ದೂರು ಸಹಕಾರಿ ಇಲಾಖೆಗೆ.