ಟಿಕ್ ಟಿಕ್ ಎನ್ನುತ್ತಿದ್ದ ಅಡಾಪ್ಟರ್

ಮಾನಿಟರಿನ 12 ವೋಲ್ಟ್ ಅಡಾಪ್ಟರ್ ಒಂದು ದಿನ ಟಿಕ್ ಟಿಕ್ ಎನ್ನಲು ಶುರು ಮಾಡಿತು. ಪ್ರತಿ ಟಿಕ್‌ಗೂ ಹಸಿರು ದೀಪ ಮಿಂಚಿ ಆರುತ್ತಿತ್ತು. ಹೊಸದು ತಂದರೆ ಮುಗೀತು. ಆದರೆ ಕೈ ಸುಮ್ನಿರಬೇಕಲ್ಲ, ಬಿಚ್ಚಿದೆ.

ಇಂಥ ಅಡಾಪ್ಟರ್ ಒಳಗಿರುವುದು ಎಸ್‌ಎಂಪಿಎಸ್, ಅಂದರೆ ಕರೆಂಟನ್ನು ಬೇಗ ಬೇಗ ಆನ್-ಆಫ್ ಮಾಡಿ ವೋಲ್ಟೇಜ್ ಇಳಿಸುವ ಸರ್ಕ್ಯೂಟ್. ಅದನ್ನು ಬಿಚ್ಚಿದಾಗ ನನ್ನ ಮೊದಲ ಕೆಲಸ ದಪ್ಪ ಕೆಪಾಸಿಟರ್, ಅಂದರೆ ವಿದ್ಯುತ್ ಕೂಡಿಟ್ಟುಕೊಳ್ಳುವ ಡಬ್ಬಿ, ಖಾಲಿ ಮಾಡುವುದು. 230 ವೋಲ್ಟ್ ಎಸಿ ನಾಲ್ಕು ಡಯೋಡ್ ದಾಟಿ ಅಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. 10 ಕಿಲೋಓಮ್‌ನ ರೆಸಿಸ್ಟರ್ ಅನ್ನು ಇಕ್ಕಳದಲ್ಲಿ ಹಿಡಿದು ಹತ್ತು ಸೆಕೆಂಡ್ ತಾಗಿಸಿ, ಮೀಟರಿನಲ್ಲಿ ನೋಡಿ ಮುಂದುವರಿಯುತ್ತೇನೆ. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುವ ಶೂರರೂ ಇದ್ದಾರೆ. ನನಗೆ ಬೇಡ.

ಈ 325 ವೋಲ್ಟನ್ನು ಒಂದು ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಸೆಕೆಂಡಿಗೆ 50 ಸಾವಿರದಿಂದ 1 ಲಕ್ಷ ಸಲ ಆನ್-ಆಫ್ ಮಾಡುತ್ತದೆ. ಹಳೆಯ ಕಬ್ಬಿಣದ ಟ್ರಾನ್ಸ್‌ಫಾರ್ಮರ್ 50 ಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತಿತ್ತು, ಅದಕ್ಕೇ ಅಷ್ಟು ಭಾರ. ಇಲ್ಲಿ ಬಿಂದಿಗೆಯ ಬದಲು ಚೊಂಬಿನಲ್ಲಿ ಬೇಗ ಬೇಗ ನೀರು ಹೊತ್ತಂತೆ. ಚೊಂಬು ಚಿಕ್ಕದಿದ್ದರೂ ಸಾಕು. ಹಾಗಾಗಿ ಬೆರಳಿನಷ್ಟು ಫೆರೈಟ್ ಟ್ರಾನ್ಸ್‌ಫಾರ್ಮರ್ ಸಾಕಾಗುತ್ತದೆ. ಫೋನ್ ಚಾರ್ಜರ್, ಟಿವಿ, ಕಂಪ್ಯೂಟರ್, ಎಲ್ಲದರಲ್ಲೂ ಇದೇ ಉಪಾಯ.

ಔಟ್‌ಪುಟ್ ಕಡೆ ಒಂದು ಕೆಪಾಸಿಟರಿನ ತಲೆ ಉಬ್ಬಿತ್ತು. ಸಿಕ್ಕಿಬಿತ್ತು ಕಳ್ಳ ಅಂತ ಬದಲಿಸಿದೆ. ಟಿಕ್ ಟಿಕ್ ನಿಲ್ಲಲಿಲ್ಲ. ಔಟ್‌ಪುಟ್ ಡಯೋಡ್ ಶಾರ್ಟ್ ಆದರೂ ಹೀಗೇ ಆಗುತ್ತದೆ. ನೋಡಿದೆ, ಸರಿ ಇತ್ತು. ಮಾಸ್‌ಫೆಟ್ ಶಾರ್ಟ್ ಆಗಿದ್ದರೆ ಫ್ಯೂಸೇ ಹಾರುತ್ತಿತ್ತು.

ಆಮೇಲೆ ಮಾಸ್‌ಫೆಟ್ಟನ್ನು ಆನ್-ಆಫ್ ಮಾಡಿಸುವ ಚಿಪ್, ಅಂದರೆ ಐಸಿಯ ಹೆಸರು ಓದಿದೆ: ಯುಸಿ 3842. ಇದು ಸುಮಾರು 16 ವೋಲ್ಟ್ ಸಿಕ್ಕಾಗ ಎದ್ದು, 10ಕ್ಕಿಂತ ಇಳಿದರೆ ಮಲಗುತ್ತದೆ. ಮೊದಲ 16 ವೋಲ್ಟ್ ಒಂದು ರೆಸಿಸ್ಟರಿನಿಂದ ಮೆಲ್ಲಗೆ ಒಂದು ಪುಟ್ಟ ಕೆಪಾಸಿಟರಿನಲ್ಲಿ ತುಂಬುತ್ತದೆ. ಐಸಿ ಎದ್ದ ಮೇಲೆ ಟ್ರಾನ್ಸ್‌ಫಾರ್ಮರಿನ ಇನ್ನೊಂದು ತಂತಿಸುತ್ತು ಅದಕ್ಕೆ ಅನ್ನ ಹಾಕಬೇಕು. ಅಲ್ಲಿಯವರೆಗೆ ಈ ಕೆಪಾಸಿಟರೇ ಗತಿ.

ಐಸಿಗೆ ಈ ವೋಲ್ಟೇಜ್ ಸಿಗುವ 7ನೇ ಕಾಲಿನಲ್ಲಿ ಅದನ್ನು ನೋಡಲು ಹೋಗಿ ಒಂದು ಪೆದ್ದು ಕೆಲಸ ಮಾಡಿದೆ. ಮೀಟರಿನ ಕಪ್ಪು ತಂತಿಯನ್ನು ಔಟ್‌ಪುಟ್ ಮೈನಸ್‌ಗೆ ಇಟ್ಟು ಹತ್ತು ನಿಮಿಷ ತಲೆ ಕೆರೆದುಕೊಂಡೆ. ಐಸಿ ಇರುವ ಮೇನ್ಸ್ ಕಡೆಗೂ ಔಟ್‌ಪುಟ್ ಕಡೆಗೂ ನಡುವೆ ನೇರ ತಂತಿಯೇ ಇಲ್ಲ, ಅಲ್ವಾ! ಔಟ್‌ಪುಟ್‌ನ ಸುದ್ದಿ ಆಪ್ಟೋಕಪ್ಲರಿನ ಬೆಳಕಿನ ಮೂಲಕ ಈ ಕಡೆ ಬರುತ್ತದೆ. ಕಪ್ಪು ತಂತಿಯನ್ನು ಐಸಿಯ ಮೈನಸ್ ಆದ 5ನೇ ಕಾಲಿಗೆ ಇಟ್ಟಾಗ ಕಂಡಿತು: ಮುಳ್ಳು ಏರುತ್ತದೆ, ಟಿಕ್ ಎನ್ನುತ್ತದೆ, ಬೀಳುತ್ತದೆ.

22 ಮೈಕ್ರೋಫ್ಯಾರಡ್ ಎಂದು ಬರೆದಿದ್ದ ಆ ಪುಟ್ಟ ಕೆಪಾಸಿಟರ್ ಕಿತ್ತು ಅಳೆದರೆ 3 ಕೂಡ ಇರಲಿಲ್ಲ. ತಂತಿಸುತ್ತು ಅನ್ನ ಹಾಕುವ ಮೊದಲೇ ಅದು ಖಾಲಿಯಾಗಿ ಐಸಿ ಮತ್ತೆ ಮತ್ತೆ ಮಲಗುತ್ತಿತ್ತು. ಹೊರಗೆ ಉಬ್ಬಿಲ್ಲ, ಸೋರಿಲ್ಲ. ಹೀಟ್‌ಸಿಂಕ್ ಪಕ್ಕದಲ್ಲೇ ಕೂರಿಸಿದ್ದರು, ಒಣಗಿಹೋಗಿತ್ತು. 105 ಡಿಗ್ರಿ ಬಿಸಿ ತಡೆಯುವಂಥದ್ದು ಹಾಕಿದೆ.

ಇದಾದ ಮೇಲೆ ಮೊದಲ ಸಲ ಮೇನ್ಸ್‌ಗೆ ಕೊಡುವಾಗ ಸರಣಿಯಲ್ಲಿ 60 ವ್ಯಾಟಿನ ಹಳೆಯ ತಂತಿ ಬಲ್ಬು ಜೋಡಿಸಿದ್ದೆ. ಒಳಗೆ ಶಾರ್ಟ್ ಇದ್ದರೆ ಅದು ಪೂರ್ತಿ ಉರಿಯುತ್ತದೆ. ನನ್ನದು ಒಮ್ಮೆ ಮಿಂಚಿ ಆರಿತು. ಹಸಿರು ದೀಪ ಅಲುಗಾಡದೆ ನಿಂತಿತು.