ಟ್ರಾನ್ಸ್‌ಫರ್ ಕೇಸ್ ಮೌಂಟ್: ಬೆಸುಗೆಗೆ ಮುಂಚೆ ಅಳತೆ

ಕಲಬುರಗಿ ಸುತ್ತಿನ ಎರೆ ಹೊಲಗಳಲ್ಲಿ ಮಳೆ ಬಿದ್ದ ಮೇಲೆ ಮಾರುತಿ ಜಿಪ್ಸಿ ಓಡಿಸಿದವರಿಗೆ ಒಂದು ಸದ್ದು ಗೊತ್ತಿರುತ್ತದೆ. ಚಕ್ರ ಹೂತಿದೆ. ಲೋ ಗೇರ್ ಹಾಕಿ ಕ್ಲಚ್ ಬಿಟ್ಟಿದ್ದೀರಿ. ಸೀಟಿನ ಕೆಳಗಿಂದ ‘ಧಡ್’ ಅನ್ನುತ್ತದೆ. ರಿವರ್ಸ್ ಹಾಕಿದರೆ ಮತ್ತೊಂದು ‘ಧಡ್’. ಬಹಳ ಸಲ ಇದು ಗೇರ್‌ಬಾಕ್ಸಿನ ತೊಂದರೆಯಲ್ಲ. ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಅದನ್ನು ಹಿಡಿದಿರುವ ರಬ್ಬರ್ ಮೌಂಟ್ ಹರಿದು, ಕೇಸು ಕೂತ ಜಾಗದಲ್ಲೇ ಹೊರಳುತ್ತಿರುತ್ತದೆ.

ಹಳೆಯ ಗಾಡಿಯಲ್ಲಿ ರಬ್ಬರಿಗೆ ವಯಸ್ಸಾಗುತ್ತದೆ. ಎಣ್ಣೆ ತಾಗಿದರೆ ಮೆತ್ತಗಾಗುತ್ತದೆ. ನಮ್ಮ ಕಡೆಯ ಬೇಸಿಗೆಯ ಬಿಸಿಗೆ ಬಿರುಕು ಬಿಡುತ್ತದೆ. ಹೊಸ ರಬ್ಬರ್ ಹಾಕಿದರೆ ಮಾಮೂಲಿ ಓಡಾಟಕ್ಕೆ ಸಾಕು. ದೊಡ್ಡ ಟಯರ್ ಹಾಕಿ ಕೆಸರು, ಹಳ್ಳ, ಕಲ್ಲು ಅಂತ ಓಡಿಸುವವರಿಗೆ ಮಾತ್ರ ಗಟ್ಟಿಯಾದ ಮೌಂಟ್ ಬೇಕಾಗುತ್ತದೆ. ಅದನ್ನು ನಮ್ಮೂರಿನ ಲೇತ್ ಅಂಗಡಿ, ವೆಲ್ಡಿಂಗ್ ಅಂಗಡಿಗಳಲ್ಲೇ ಮಾಡಿಸಿಕೊಳ್ಳಬಹುದು.

ಎಷ್ಟು ಬಲ ಬೀಳುತ್ತದೆ?

ಮಹೀಂದ್ರಾದ ಹಳೆಯ ಜೀಪುಗಳಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಜಿಪ್ಸಿಯಲ್ಲಿ ಹಾಗಲ್ಲ. ಅದು ಬೇರೆಯಾಗಿ, ಚಾಸಿಯ ಎರಡು ಉದ್ದ ತೊಲೆಗಳ ನಡುವೆ ತೂಗಿಕೊಂಡಿರುತ್ತದೆ. ಗೇರ್‌ಬಾಕ್ಸಿನಿಂದ ಒಂದು ಗಿಡ್ಡ ಶಾಫ್ಟ್ ಅದಕ್ಕೆ ಬರುತ್ತದೆ. ಅಲ್ಲಿಂದ ಒಂದು ಪ್ರೊಪೆಲ್ಲರ್ ಶಾಫ್ಟ್ ಮುಂದಕ್ಕೆ, ಒಂದು ಹಿಂದಕ್ಕೆ ಹೋಗುತ್ತದೆ. ಕೇಸಿಗೆ ಬೋಲ್ಟ್ ಹಾಕಿ ಹಿಡಿಸಲು ಮೂರು ಕಿವಿಗಳಿವೆ. ಮೂರಕ್ಕೂ ರಬ್ಬರ್ ಇದೆ.

1.3 ಲೀಟರ್ ಜಿಪ್ಸಿಯ ಎಂಜಿನ್ ಸುಮಾರು 103 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಮೊದಲ ಗೇರ್ ಅದನ್ನು ಸುಮಾರು 3.65 ಪಟ್ಟು ಮಾಡುತ್ತದೆ. ಅಂದರೆ ಕೇಸಿನ ಒಳಗೆ ಹೋಗುವುದು ಸುಮಾರು 376. ಕೇಸಿನ ಒಳಗಿನ ಲೋ ಗೇರ್ ಅದನ್ನು ಮತ್ತೆ 2.27 ಪಟ್ಟು ಮಾಡುತ್ತದೆ. ಹೊರಗೆ ಬರುವುದು ಸುಮಾರು 853. ಈ ಎರಡರ ನಡುವಿನ ವ್ಯತ್ಯಾಸ 477. ಅಷ್ಟೂ ಬಲ ಕೇಸನ್ನೇ ಹೊರಳಿಸಲು ನೋಡುತ್ತದೆ. ಎರಡು ಬದಿಯ ಮೌಂಟ್‌ಗಳ ನಡುವೆ 30 ಸೆಂಟಿಮೀಟರ್ ಅಂತರ ಅಂತ ಹಿಡಿದರೆ, ಒಂದು ಬದಿಯನ್ನು 160 ಕಿಲೋ ತೂಕ ಮೇಲಕ್ಕೆ ಎಳೆಯುತ್ತದೆ, ಇನ್ನೊಂದು ಬದಿಯನ್ನು ಅಷ್ಟೇ ತೂಕ ಕೆಳಕ್ಕೆ ಒತ್ತುತ್ತದೆ. ಕ್ಲಚ್ ಫಟ್ಟನೆ ಬಿಟ್ಟರೆ ಇನ್ನೂ ಜಾಸ್ತಿ. ಹಾಗಾಗಿ ಪ್ಲೇಟಿನ ದಪ್ಪದಲ್ಲಿ ಉಳಿತಾಯ ಮಾಡುವುದು ಬೇಡ.

ಆದರೆ ಗಟ್ಟಿ ಬೇರೆ, ಬಿಗಿ ಬೇರೆ. ಇದು ನಾನು ನಷ್ಟ ಮಾಡಿಕೊಂಡು ಕಲಿತ ಮಾತು. ಮೊದಲ ಸಲ ಒಂದು ವರ್ಕ್‌ಶಾಪಿನಲ್ಲಿ ರಬ್ಬರನ್ನೇ ತೆಗೆಸಿ, ಕಬ್ಬಿಣದ ಪಟ್ಟಿಗಳನ್ನು ನೇರವಾಗಿ ಚಾಸಿಗೆ ಬೆಸೆಸಿದೆ. ಕಂಪಿಸುತ್ತಿತ್ತು, ಸಹಿಸಿಕೊಂಡೆ. ಒಂದೇ ಮಳೆಗಾಲ. ಕೇಸಿನ ಕಿವಿ ಬುಡದಲ್ಲಿ ಸೀಳಿ ಎಣ್ಣೆ ಸೋರತೊಡಗಿತು. ಹಳ್ಳ ದಾಟುವಾಗ ಚಾಸಿ ತಿರುಚಿಕೊಳ್ಳುತ್ತದೆ, ಅದು ಅದರ ಸ್ವಭಾವ. ಕೇಸು ಅಲ್ಯೂಮಿನಿಯಂ ಎರಕದ್ದು. ಅದು ತಿರುಚುವುದಿಲ್ಲ, ಒಡೆಯುತ್ತದೆ. ನಡುವೆ ರಬ್ಬರ್ ಇರಲೇಬೇಕು, ಮೂರೇ ಕಡೆ ಹಿಡಿತ ಇರಬೇಕು. ಮೂರು ಕಲ್ಲಿನ ಒಲೆಯ ಮೇಲೆ ಗಡಿಗೆ ಎಂಥ ನೆಲದಲ್ಲೂ ಕೂರುತ್ತದೆ, ಅಲ್ವಾ? ನಾಲ್ಕನೇ ಕಲ್ಲು ಇಟ್ಟು ನೋಡಿ, ಅಲುಗಾಡಲು ಶುರು.

ಅಳತೆ

ಕೆಲಸದ ಅರ್ಧ ಸಮಯ ಇಲ್ಲೇ ಹೋಗಬೇಕು. ಏನನ್ನೂ ಬಿಚ್ಚುವ ಮುಂಚೆ ಗಾಡಿಯನ್ನು ಸಮ ನೆಲದ ಮೇಲೆ ನಿಲ್ಲಿಸಿ. ಶಹಾಬಾದ್ ಕಲ್ಲು ಹಾಸಿದ ಅಂಗಳವಿದ್ದರೆ ಒಳ್ಳೆಯದು, ಸೀಮೆಸುಣ್ಣದಲ್ಲಿ ಗೆರೆ ಎಳೆಯಲು ಅದಕ್ಕಿಂತ ಒಳ್ಳೆಯ ನೆಲ ಸಿಗುವುದಿಲ್ಲ. ಟಯರಿನಲ್ಲಿ ಸರಿಯಾದ ಗಾಳಿ, ಗಾಡಿಯಲ್ಲಿ ಯಾವಾಗಲೂ ಇರುವಷ್ಟು ಸಾಮಾನು ಇರಲಿ. ತೂಕ ಚಕ್ರದ ಮೇಲೇ ಇರಬೇಕು. ಚಾಸಿಗೆ ಜಾಕಿ ಕೊಟ್ಟು ಎತ್ತಿದರೆ ಆಕ್ಸಲ್ ಜೋತು ಬೀಳುತ್ತದೆ, ಶಾಫ್ಟಿನ ಕೋನವೆಲ್ಲ ಸುಳ್ಳಾಗುತ್ತದೆ.

ಬರೆದುಕೊಳ್ಳಬೇಕಾದದ್ದು ಇಷ್ಟು. ಮೂರು ಕಿವಿಗಳಿಂದ ಚಾಸಿಗೆ ಇರುವ ದೂರ, ಅಡ್ಡಕ್ಕೂ ಎತ್ತರಕ್ಕೂ. ಗೇರ್‌ಬಾಕ್ಸಿನ ಹಿಂದಿನ ಫ್ಲ್ಯಾಂಜ್ (ಶಾಫ್ಟನ್ನು ಬೋಲ್ಟ್ ಮಾಡುವ ತಟ್ಟೆ), ಕೇಸಿನ ಮೂರು ಫ್ಲ್ಯಾಂಜ್, ಎರಡೂ ಆಕ್ಸಲಿನ ಫ್ಲ್ಯಾಂಜ್, ಇವೆಲ್ಲದರ ಕೋನ. ಕೋನ ನೋಡಲು ಅಯಸ್ಕಾಂತದ ಮೀಟರ್ ಸಿಗುತ್ತದೆ. ಇಲ್ಲದಿದ್ದರೆ ಮೊಬೈಲಿನ ಲೆವೆಲ್ ಆ್ಯಪ್ ಕೂಡ ನಡೆಯುತ್ತದೆ, ಒಂದೊಂದನ್ನೂ ಮೂರು ಸಲ ನೋಡಿ. ರಬ್ಬರ್ ಹರಿದು ಕೇಸು ಕುಸಿದಿದ್ದರೆ ಈ ಅಳತೆಯೇ ತಪ್ಪಾಗುತ್ತದೆ. ಆಗ ಕೇಸಿನ ಕೆಳಗೆ ಮರದ ತುಂಡಿಟ್ಟು, ಸಣ್ಣ ಜಾಕಿಯಿಂದ ಮೊದಲಿನ ಎತ್ತರಕ್ಕೆ ತಂದು ಅಳೆಯಿರಿ.

ಕೋನಕ್ಕೆ ಇಷ್ಟು ಬೆಲೆ ಯಾಕೆ? ಶಾಫ್ಟಿನ ತುದಿಯ ಕ್ರಾಸ್, ಅಂದರೆ ಅಲ್ಲಿನ ಕೀಲು, ಬಾಗಿ ತಿರುಗುವಾಗ ಒಂದೇ ವೇಗದಲ್ಲಿ ತಿರುಗಿಸುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ಜೋರಾಗುತ್ತದೆ, ಎರಡು ಸಲ ನಿಧಾನವಾಗುತ್ತದೆ. ಇನ್ನೊಂದು ತುದಿಯ ಕ್ರಾಸ್ ಅಷ್ಟೇ ಕೋನದಲ್ಲಿದ್ದರೆ ಈ ಏರಿಳಿತ ಅಲ್ಲಿ ರದ್ದಾಗುತ್ತದೆ. ಅದಕ್ಕೇ ಕೇಸಿನ ಹಿಂದಿನ ಫ್ಲ್ಯಾಂಜೂ ಹಿಂದಿನ ಆಕ್ಸಲಿನ ಫ್ಲ್ಯಾಂಜೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಒಂದು ಡಿಗ್ರಿಯೊಳಗಿನ ವ್ಯತ್ಯಾಸ ನಡೆಯುತ್ತದೆ. ಮೂರು ಡಿಗ್ರಿ ತಪ್ಪಿದರೆ ಹುಮನಾಬಾದ್ ರಸ್ತೆಯಲ್ಲಿ 60 ದಾಟುತ್ತಿದ್ದಂತೆ ಸ್ಟೀರಿಂಗ್ ತನಕ ನಡುಕ ಬರುತ್ತದೆ.

ಶಾಫ್ಟ್ ಬಿಚ್ಚುವಾಗ ಫ್ಲ್ಯಾಂಜಿಗೂ ಶಾಫ್ಟಿಗೂ ಸೇರಿಸಿ ಒಂದು ಗುರುತು ಹಾಕಿ, ವಾಪಸ್ ಅದೇ ಗುರುತಿಗೆ ಸೇರಿಸಬೇಕು. ಕೇಸು ಇಳಿಸಲು ಇನ್ನೊಬ್ಬರನ್ನು ಕರೆದುಕೊಳ್ಳಿ. ಬರೀ ಜಾಕಿ ನಂಬಿ ಗಾಡಿಯ ಕೆಳಗೆ ಹೋಗಬೇಡಿ. ಸ್ಟ್ಯಾಂಡ್ ಇಡಲೇಬೇಕು.

ರಟ್ಟು, ಆಮೇಲೆ ಕಬ್ಬಿಣ

ಮೊದಲು ರಟ್ಟಿನಲ್ಲಿ ಕತ್ತರಿಸಿ. ಎರಡು ಬದಿಗೆ ಎರಡು ಬ್ರಾಕೆಟ್, ಕೆಳಗೆ ಅವೆರಡನ್ನೂ ಜೋಡಿಸುವ ಒಂದು ಅಡ್ಡ ಪೈಪು. ಇದೇ ವಿನ್ಯಾಸ. ಅಡ್ಡ ಪೈಪು ಇದ್ದರೆ ಹೊರಳುವ ಬಲ ಎರಡೂ ಬದಿಗೆ ಹಂಚಿ ಹೋಗುತ್ತದೆ. ರಟ್ಟನ್ನು ಜಾಗಕ್ಕೆ ಹಿಡಿದು ಸೈಲೆನ್ಸರ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್, ಪೆಟ್ರೋಲ್ ಪೈಪು ಎಲ್ಲಿ ತಾಗುತ್ತವೆ ನೋಡಿ. ಎಲ್ಲ ಕಡೆ 20ರಿಂದ 25 ಮಿಲಿಮೀಟರ್ ಖಾಲಿ ಜಾಗ ಬಿಡಿ. ಗೇರ್ ಎಣ್ಣೆ ಹಾಕುವ, ತೆಗೆಯುವ ಬೋಲ್ಟುಗಳಿಗೆ ಪಾನಾ ಹೋಗುವಂತಿರಲಿ. ಇದನ್ನು ಮರೆತವರು ಎಣ್ಣೆ ಬದಲಿಸಲು ಇಡೀ ಮೌಂಟ್ ಬಿಚ್ಚುತ್ತಾರೆ.

ಬ್ರಾಕೆಟ್‌ಗೆ 6 ಮಿಲಿಮೀಟರ್ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್. ಅಡ್ಡಕ್ಕೆ 50 ಗುಣಿಸು 50ರ ಚೌಕ ಪೈಪು, ಗೋಡೆ 3 ಮಿಲಿಮೀಟರ್ ದಪ್ಪ. ಬೋಲ್ಟ್ ತಲೆಯ ಮೇಲೆ 8.8 ಅಂತ ಇರಬೇಕು, ಅದು ಬಲದ ದರ್ಜೆ. ನಟ್ಟು ನೈಲಾನ್ ಬಳೆಯದ್ದು. ಕಂಪನಿ ಬ್ರಾಕೆಟ್ ಕೂತಿದ್ದ ತೂತುಗಳನ್ನೇ ಬಳಸಿ, ಚಾಸಿಗೆ ಬೆಸುಗೆ ಹಾಕಬೇಡಿ. ಹೊಸ ತೂತು ಬೇಕೇ ಬೇಕು ಅಂದರೆ ಒಳಗೆ ದಪ್ಪ ಪೈಪಿನ ತುಂಡು ಕೂರಿಸಿ. ಪೆಟ್ಟಿಗೆಯ ಹಾಗಿರುವ ಚಾಸಿ ಬೋಲ್ಟಿನ ಬಿಗಿತಕ್ಕೆ ಒಳಗೆ ಕುಗ್ಗಬಾರದು.

ಬುಷ್, ಅಂದರೆ ಬೋಲ್ಟಿನ ಸುತ್ತ ಕೂರುವ ರಬ್ಬರ್ ಬಳೆ, ಅದರ ವಿಷಯದಲ್ಲಿ ಸಲೀಸಾದ ದಾರಿ ಇದೆ. ಪಟ್ಟಾ ಸ್ಪ್ರಿಂಗಿಗೆ ಹಾಕುವ ರಬ್ಬರ್ ಅಥವಾ ಪಾಲಿಯುರೆಥೇನ್ ಬುಷ್ ಯಾವ ಸ್ಪೇರ್ ಅಂಗಡಿಯಲ್ಲೂ ಸಿಗುತ್ತದೆ. ಅದರ ಅಳತೆ ಕೊಟ್ಟು, ಅದು ಒಳಗೆ ಕೂರುವಂತೆ ಲೇತಿನಲ್ಲಿ ಮೂರು ಕಬ್ಬಿಣದ ಉಂಗುರ ಮಾಡಿಸಿ. ತೀರಾ ಕಲ್ಲಿನಂಥ ಪಾಲಿಯುರೆಥೇನ್ ಬೇಡ, ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗುವಂಥದ್ದು ಸಾಕು. ಬೋಲ್ಟಿನ ಎರಡೂ ಕಡೆ ಉಂಗುರಕ್ಕಿಂತ ಅಗಲವಾದ ವಾಷರ್ ಹಾಕಿ. ನಾಳೆ ರಬ್ಬರ್ ಪೂರಾ ಹರಿದರೂ ಕಿವಿ ಹೊರಗೆ ಜಾರುವುದಿಲ್ಲ.

ಟ್ಯಾಕ್ ಹೊಡೆದು ನೋಡುವುದು

ತುಂಡುಗಳನ್ನು ಗಾಡಿಯಲ್ಲೇ ಜೋಡಿಸಿ ನಾಲ್ಕಾರು ಕಡೆ ಬರೀ ಟ್ಯಾಕ್, ಅಂದರೆ ಚುಕ್ಕೆಯಷ್ಟು ತಾತ್ಕಾಲಿಕ ಬೆಸುಗೆ, ಹಾಕಬೇಕು. ನನ್ನ ಎರಡನೇ ಮೌಂಟ್ ಮಾಡಿದ ವೆಲ್ಡರಣ್ಣ ಇದರಲ್ಲಿ ಬಲು ಗಟ್ಟಿ ಮನುಷ್ಯ. ನಾನು ಅವಸರ ಮಾಡಿದಾಗಲೆಲ್ಲ ಒಂದೇ ಮಾತು: “ಸರ, ಮೊದ್ಲ ಟ್ಯಾಕ್ ಹೊಡದು ನೋಡಮ್ರಿ. ಹೊಂದಿತಂದ್ರ ಆಮ್ಯಾಗ ಪೂರಾ ಹೊಡಿತೀನಿ.” ಎರಡು ಸಲ ಟ್ಯಾಕ್ ಒಡೆದು ಮತ್ತೆ ಹಾಕಿದ. ಎರಡು ಸಲವೂ ಅವನದೇ ಸರಿ ಇತ್ತು.

ಗಾಡಿಯಲ್ಲಿ ಟ್ಯಾಕ್ ಹಾಕುವ ಮುಂಚೆ ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇರುವ) ಗಾಡಿಯಾದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಅದರ ಕನೆಕ್ಟರನ್ನೂ ತೆಗೆಯಿರಿ. ಅರ್ಥ್ ಕ್ಲ್ಯಾಂಪನ್ನು ಬೆಸುಗೆಯ ಪಕ್ಕದ ತುಂಡಿಗೇ ಕಚ್ಚಿಸಿ. ದೂರದಲ್ಲಿ ಎಲ್ಲೋ ಕಚ್ಚಿಸಿದರೆ ಕರೆಂಟು ಕೇಸಿನ ಬೇರಿಂಗ್ ಮೂಲಕ ಹರಿದು ಅದರ ಮೇಲೆ ಚುಕ್ಕೆ ಚುಕ್ಕೆ ಸುಡುತ್ತದೆ. ಪೆಟ್ರೋಲ್ ಪೈಪಿನ ಮೇಲೆ ಒದ್ದೆ ಗೋಣಿ ಹೊದಿಸಿ, ಪಕ್ಕದಲ್ಲಿ ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಲ್ಲಲಿ.

ಟ್ಯಾಕ್ ಆದ ಮೇಲೆ ಎಲ್ಲ ಕೋನಗಳನ್ನೂ ಮತ್ತೆ ಅಳೆಯಿರಿ. ಶಾಫ್ಟುಗಳನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ. ಆಮೇಲೆ ಆಕ್ಸಲ್ ಜೋತು ಬೀಳುವಂತೆ ಚಾಸಿ ಎತ್ತಿ, ಸ್ಟ್ಯಾಂಡ್ ಇಟ್ಟು, ಶಾಫ್ಟ್ ಅಡ್ಡ ಪೈಪಿಗೆ ತಾಗುವುದಿಲ್ಲ ಅಂತ ನೋಡಿ.

ಪೂರಾ ಬೆಸುಗೆ

ಇದನ್ನು ಗಾಡಿಯಿಂದ ಹೊರಗೆ ತೆಗೆದೇ ಮಾಡಬೇಕು. ಬುಷ್‌ಗಳನ್ನು ಬಿಚ್ಚಿಡಿ. ಸಿಒ2 ಅನಿಲದ ವೆಲ್ಡಿಂಗ್ ಮಶೀನು ಇದ್ದರೆ ಒಳ್ಳೆಯದು. ಆರ್ಕ್ ಆದರೆ 7018 ರಾಡ್, 3.15 ಮಿಲಿಮೀಟರಿನದು, ಸುಮಾರು 110ರಿಂದ 130 ಆಂಪಿಯರ್. ಈ ರಾಡ್ ತೇವ ಹೀರುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಪ್ಯಾಕೆಟ್ ಬೇಡ, ಒಲೆಯಲ್ಲಿ ಕಾಯಿಸಿದ್ದು ಬೇಕು. ಇಲ್ಲದಿದ್ದರೆ ತಣ್ಣಗಾದ ಮೇಲೆ ಬೆಸುಗೆಯ ಅಡಿಯಲ್ಲಿ ಸಣ್ಣ ಬಿರುಕು ಮೂಡುವ ಭಯವಿದೆ.

ಒಂದೇ ಕಡೆ ಉದ್ದಕ್ಕೆ ಎಳೆಯಬಾರದು. ಒಂದಿಂಚು ಇಲ್ಲಿ, ಒಂದಿಂಚು ಎದುರು ಬದಿ. ಶಾಖ ಹಂಚಿಹೋದರೆ ಪ್ಲೇಟ್ ಸೊಟ್ಟಗಾಗುವುದಿಲ್ಲ. ನೀರು ಸುರಿದು ತಣಿಸಬೇಡಿ. ಕೆಂಪಗೆ ಕಾದ ತುಂಡನ್ನು ಶಹಾಬಾದ್ ಕಲ್ಲಿನ ಮೇಲೂ ಇಡಬೇಡಿ, ಕಲ್ಲು ಸಿಡಿದು ಚೂರು ಕಣ್ಣಿಗೆ ಹಾರಬಹುದು.

ತಣ್ಣಗಾದ ಮೇಲೆ ಬಿರುಕು ನೋಡಲು ಹಳೆಯ ಉಪಾಯವೊಂದಿದೆ. ಬೆಸುಗೆಗೆ ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಡಿ. ಚೆನ್ನಾಗಿ ಒರೆಸಿ. ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಬಂದು ಸುಣ್ಣದ ಮೇಲೆ ಗೆರೆಯಾಗಿ ಕಾಣುತ್ತದೆ. ಗೆರೆ ಕಂಡರೆ ಅಷ್ಟು ಭಾಗವನ್ನು ಗ್ರೈಂಡರಿನಿಂದ ಪೂರಾ ಕೆರೆದು, ಎಣ್ಣೆ ಒರೆಸಿ, ಮತ್ತೆ ಬೆಸೆಯಿರಿ. ಮೇಲೆ ಮೇಲೆ ಮುಚ್ಚಿದರೆ ಬಿರುಕು ಹೋಗುವುದಿಲ್ಲ.

ಬೆಸುಗೆಯ ಶಾಖಕ್ಕೆ ಉಂಗುರ ಕೊಂಚ ಕುಗ್ಗಿರುತ್ತದೆ. ಲೇತಿಗೆ ಒಯ್ದು ಒಳಗೆ ಒಂದು ಸುತ್ತು ಕೊಡಿಸಿ. ಚೌಕ ಪೈಪಿನ ಕೆಳಗೆ 10 ಮಿಲಿಮೀಟರಿನ ಎರಡು ತೂತು ಬೇಕು, ಒಳಗೆ ಹೋದ ನೀರು ಇಳಿಯಲು. ಕೇಸಿನ ಕೆಳಗೆ ರಕ್ಷಣೆಗೆ ಪ್ಲೇಟ್ ಹಾಕುವುದಾದರೆ ಅದರಲ್ಲಿ ಇನ್ನೂ ದೊಡ್ಡ ಕಿಂಡಿಗಳಿರಲಿ. ನಮ್ಮ ಎರೆಮಣ್ಣು ಒಮ್ಮೆ ಹಿಡಿದರೆ ಬಿಡುವ ಮಣ್ಣಲ್ಲ. ಒಣಗಿದರೆ ಇಟ್ಟಿಗೆಯಂತಾಗಿ ಶಾಫ್ಟಿನ ಸೀಲನ್ನು ತಿನ್ನುತ್ತದೆ. ಆಮೇಲೆ ಪ್ರೈಮರ್, ಅದರ ಮೇಲೆ ಬಣ್ಣ.

ಕೂರಿಸುವುದು, ಓಡಿಸುವುದು

ಎಲ್ಲ ಬೋಲ್ಟುಗಳನ್ನೂ ಮೊದಲು ಕೈಬಿಗಿತಕ್ಕೆ ಹಾಕಿ. ಗಾಡಿಯನ್ನು ನೆಲಕ್ಕೆ ಇಳಿಸಿ. ಶಾಫ್ಟುಗಳನ್ನು ಗುರುತಿಗೆ ಸೇರಿಸಿ. ಕೇಸು ತನ್ನಷ್ಟಕ್ಕೆ ಕೂತ ಮೇಲೆ ಬಿಗಿ ಮಾಡಿ. ಚಾಸಿಯ ಕಡೆಯ 10 ಮಿಲಿಮೀಟರ್ ಬೋಲ್ಟಿಗೆ 45ರಿಂದ 50 ನ್ಯೂಟನ್ ಮೀಟರ್, 12ಕ್ಕೆ ಸುಮಾರು 80. ಅಲ್ಯೂಮಿನಿಯಂಗೆ ಹೋಗುವ ಬೋಲ್ಟಿಗೆ ಇಷ್ಟು ಬೇಡ, ಕಂಪನಿ ಪುಸ್ತಕದ ಅಂಕಿಯನ್ನೇ ನೋಡಿ.

ಗಾಡಿ ರಸ್ತೆಗೂ ಇಳಿಯುತ್ತದೆ ಅಂದರೆ ಕೆಲಸ ಶುರು ಮಾಡುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ರಚನೆ ಬದಲಿಸುವುದಕ್ಕೆ ಮಿತಿ ಹಾಕುತ್ತದೆ.

ಮೊದಲು ಟಾರ್ ರಸ್ತೆಯಲ್ಲಿ ಟೂ ವೀಲ್ ಡ್ರೈವಿನಲ್ಲೇ ಹತ್ತು ಕಿಲೋಮೀಟರ್ ಓಡಿಸಿ. ವೇಗ ಏರಿದಂತೆ ನಡುಕ ಏರಿದರೆ ಕೋನ ತಪ್ಪಿದೆ ಅಥವಾ ಶಾಫ್ಟ್ ಗುರುತಿಗೆ ಕೂತಿಲ್ಲ. ಎಕ್ಸಲೇಟರ್ ಒತ್ತಿದಾಗ ಮಾತ್ರ ಸದ್ದು ಬಂದರೆ ಏನೋ ತಾಗುತ್ತಿದೆ. ಲೋ ಗೇರಿನ ಪರೀಕ್ಷೆ ಟಾರ್ ಮೇಲೆ ಬೇಡ. ಜಿಪ್ಸಿಯಲ್ಲಿ ಲೋ ಅಂದರೆ ನಾಲ್ಕೂ ಚಕ್ರಕ್ಕೆ ಬಲ. ಗಟ್ಟಿ ನೆಲದಲ್ಲಿ ತಿರುವು ತೆಗೆದರೆ ಶಾಫ್ಟುಗಳು ಒಂದನ್ನೊಂದು ಬಿಗಿಯುತ್ತವೆ. ತೊಗರಿ ಕೊಯ್ದ ಹೊಲ ಅಥವಾ ಹಳ್ಳದ ಮರಳು ಸರಿಯಾದ ಜಾಗ. ಒಬ್ಬರು ನಿಧಾನಕ್ಕೆ ಕ್ಲಚ್ ಬಿಡಲಿ, ನೀವು ಪಕ್ಕದಲ್ಲಿ ದೂರ ನಿಂತು ಬಗ್ಗಿ ನೋಡಿ. ಕೇಸು ಐದಾರು ಮಿಲಿಮೀಟರ್ ವಾಲಿ ವಾಪಸ್ ಬಂದರೆ ರಬ್ಬರ್ ತನ್ನ ಕೆಲಸ ಮಾಡುತ್ತಿದೆ. ಒಂದಿಂಚು ಎದ್ದರೆ ಬುಷ್ ಮೆತ್ತಗಾಯಿತು, ಬದಲಿಸಿ.

ಐವತ್ತು ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟುಗಳಿಗೂ ಮತ್ತೊಮ್ಮೆ ಪಾನಾ ಹಾಕಿ. ಚಿಂಚೋಳಿ ಕಾಡಿನ ಕಡೆಗೋ ಬೀದರಿನ ಕೆಂಪು ದಿಣ್ಣೆಗಳಿಗೋ ಹೋಗುವುದು ಅದಾದ ಮೇಲೆ. ವಾಪಸ್ ಬಂದ ದಿನವೇ ಮೌಂಟಿನ ಸುತ್ತ ನೀರು ಹೊಡೆದು ಮಣ್ಣು ತೊಳೆಯಿರಿ. ಮಣ್ಣಿನಡಿ ಮುಚ್ಚಿದ ಬಿರುಕು ಯಾರಿಗೂ ಕಾಣುವುದಿಲ್ಲ.